ನೋವು ಹೋಯ್ತು ಅನ್ನಬೇಡ

ಹೊಲಿಗೆಯ ಅಕ್ಕಪಕ್ಕ ಪಟ್ಟಿ ಅಂಟಿಸಿ, ಸಣ್ಣಗೆ ಕರೆಂಟು ಹರಿಸಿ ಆಪರೇಷನ್ನಿನ ನೋವು ಇಳಿಸುವ ಕೋಣೆಯ ಮುಂದೆ ನಿವೃತ್ತ ಮೇಷ್ಟ್ರು ತಮ್ಮ ಸರದಿಗೆ ಕಾಯುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಕಿಡ್ನಿಯ ಕಲ್ಲು ತೆಗೆಸಿಕೊಂಡ ಸೊಸೆ, ಜೊತೆಗೆ ಅವಳ ಅತ್ತೆ.

“ನೋವು ಹೋಯ್ತು ಅಂತ ಮಾತ್ರ ಬಾಯಿ ಬಿಡಬೇಡ,” ಎಂದಳು ಅತ್ತೆ.

“ನಿಜವಾಗ್ಲೂ ಕಮ್ಮಿಯಾಗಿದೆಯಲ್ಲ ಅತ್ತೆ. ಆ ಕರೆಂಟು ಜುಮ್ ಅಂದ್ರೆ ಅರ್ಧ ದಿನ ಹಾಯಾಗಿರುತ್ತೆ.”

“ಹಾಯಾಗಿದೆ ಅಂದ್ರೆ ನನ್ನ ಮಗ ನಾಳೆಯೇ ನಮ್ಮ ಲಾಂಡ್ರಿಗೆ ಕರ್ಕೊಂಡು ಹೋಗ್ತಾನೆ. ಒದ್ದೆ ಚಾದರ ಎತ್ತೋಕೆ ಅಲ್ಲಿ ಬೇರೆ ಯಾರಿದ್ದಾರೆ?”

“ಅವರು ಒಳ್ಳೆಯವರೇ.”

“ಹೆತ್ತವಳಿಗೇ ಹೇಳ್ತೀಯಾ? ಒಳ್ಳೆಯವನೇ. ಕಣ್ಣಿಗೆ ಕಾಣದ ನೋವು ಅವನಪ್ಪನಿಗೂ ಗೊತ್ತಾಗ್ತಿರಲಿಲ್ಲ.”

“ಕಮ್ಮಿಯಾಗಿಲ್ಲ ಅಂದ್ರೆ ಡಾಕ್ಟರಮ್ಮ ಕರೆಂಟು ಜಾಸ್ತಿ ಮಾಡ್ತಾರೆ. ಮೊನ್ನೆ ಕಪ್ಪೆ ಥರ ಕುಪ್ಪಳಿಸಿಬಿಟ್ಟೆ.”

“ಕುಪ್ಪಳಿಸು. ಚಾದರ ಹೊರೋದಕ್ಕಿಂತ ವಾಸಿ. ಇನ್ನೂ ಹದಿನೈದು ದಿನ ರೆಸ್ಟು ಅಂತ ಚೀಟಿ ಬರೆಸ್ಕೋ.”

“ಅವರು ಹೊರಗೇ ಕಾಯ್ತಿದ್ದಾರೆ, ಅತ್ತೆ.”

“ಗೊತ್ತು. ಗಾಡಿ ಸ್ಟಾರ್ಟ್ ಮಾಡಿಯೇ ಇಟ್ಟಿದ್ದಾನೆ.”

ಮೇಷ್ಟ್ರ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಹೊಟ್ಟೆಯ ಆಪರೇಷನ್ ಆದ ವಾರಕ್ಕೇ ಅವಳು ಒಲೆ ಹಚ್ಚಿದಾಗ, ನೋವಿದೆಯೇ ಎಂದು ಅವರು ಒಂದು ಮಾತು ಕೇಳಿರಲಿಲ್ಲ.

ನರ್ಸು ಕರೆದಳು. ಸೊಸೆ ಥಟ್ಟನೆ ಎದ್ದು ನಿಂತಳು.

“ನಿಧಾನ,” ಎಂದು ಅತ್ತೆ ಪಿಸುಗುಟ್ಟಿದಳು. “ಸೊಂಟ ಹಿಡ್ಕೋ. ಆ ಕಡೆ ಅಲ್ಲ ಕಣೇ, ಹೊಲಿಗೆ ಇರೋ ಕಡೆ.”

ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಆಯುಷ್ಯದಲ್ಲಿ ಒಂದು ಸುಳ್ಳಿಗೂ ಸೊಪ್ಪು ಹಾಕದ ಮೇಷ್ಟ್ರು, ಈ ಸುಳ್ಳೊಂದು ಗೆಲ್ಲಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.