ಮೂರನೇ ಮಹಡಿಯ ಓಟು

ಮತಗಟ್ಟೆಯ ಬೀದಿಯಲ್ಲಿ ಎರಡು ಪಕ್ಷಗಳ ಮೇಜುಗಳು ಎದುರುಬದುರಾಗಿದ್ದವು. ನಡುವೆ ಚಪ್ಪಲಿ ಹೊಲಿಯುವವನ ಪೆಟ್ಟಿಗೆ. ಗಂಟೆ ನಾಲ್ಕಾದರೂ ಬೀದಿಯ ಅರ್ಧ ಜನ ಓಟು ಹಾಕಿರಲಿಲ್ಲ. ಒಂದು ಮೇಜಿನ ಮೇಷ್ಟ್ರಿಗೂ ಇನ್ನೊಂದು ಮೇಜಿನ ಟೈಲರಮ್ಮನಿಗೂ ಎಣ್ಣೆ ಸೀಗೆಕಾಯಿ. ಆ ಮೇಷ್ಟ್ರೇ ಮತದಾರರ ಪಟ್ಟಿ ಹಿಡಿದು ಅವಳತ್ತ ಬಂದಾಗ ಹೊಲಿಯುವವನ ಕೈ ನಿಂತಿತು.

"ಮೂರನೇ ಮಹಡಿ ಅಜ್ಜಿ ಬಂದು ಹೋದ್ರೇನಮ್ಮಾ?"

"ಇಲ್ಲ ಮೇಷ್ಟ್ರೇ. ಪ್ರತಿ ಸಲ ಸಾಲಲ್ಲಿ ಮೊದಲು ಅವರೇ ಇರ್ತಿದ್ರು."

"ಅದಕ್ಕೇ ಕೇಳ್ದೆ. ನೀವು ಕರ್ಕೊಂಡು ಬರಬಾರದಾ? ನಿಮ್ಮ ಪಕ್ಷದವರಲ್ವಾ?"

"ನಮ್ಮವರಾ? ನಿಮ್ಮವರು ಅಂತ ನಾನು ಆ ಬಾಗಿಲೇ ತಟ್ಟಲಿಲ್ಲ."

"ಚೀಟಿ ಕೊಡೋಕೂ ಹೋಗ್ಲಿಲ್ವಾ?"

"ಇಲ್ಲ. ನೀವು?"

"ನಿಮ್ಮ ಓಟಿಗೆ ನಾನ್ಯಾಕೆ ಮೆಟ್ಟಿಲು ಹತ್ತಲಿ ಅಂದ್ಕೊಂಡೆ."

"ಹಾಗಾದ್ರೆ ಆ ಒಂಟಿ ಜೀವಾನ ಇಷ್ಟು ದಿನ ಯಾರೂ ನೋಡೇ ಇಲ್ವಾ?"

ಮೇಷ್ಟ್ರು ತಮ್ಮ ಪಟ್ಟಿಯನ್ನು ಅವಳ ಮೇಜಿನ ಮೇಲಿಟ್ಟರು. ಟೈಲರಮ್ಮ ಎರಡೂ ಪಟ್ಟಿಗಳನ್ನು ಒಂದೇ ಕಲ್ಲಿನಡಿ ಇಟ್ಟಳು. ಇಬ್ಬರೂ ಅಜ್ಜಿಯ ಕಟ್ಟಡದತ್ತ ದಾಪುಗಾಲು ಹಾಕಿದರು.

ಹೊಲಿಯುವವನು ಪೆಟ್ಟಿಗೆಯ ಮೇಲೆ ನೋಡಿದ. "ಓಟಿನ ದಿನ ಬೆಳಿಗ್ಗೆನೇ ಹಾಕ್ಕೊಂಡು ಹೋಗ್ತೀನಪ್ಪಾ" ಎಂದು ಹತ್ತು ದಿನದ ಹಿಂದೆ ಅಜ್ಜಿ ಕೊಟ್ಟುಹೋದ ಚಪ್ಪಲಿ, ಹೊಲಿಗೆ ಮುಗಿದು, ಅಲ್ಲೇ ಇತ್ತು.