ಮಜ್ಜಿಗಿ ಪೂರ್ತಿ ಕುಡಿ

...ಮತ್ತ ಮ್ಯಾಲ ಜಂತಿ ಕಡಿ ಯಾಕ ನೋಡ್ತಿ, ಗೋಪಮ್ಮ? ಅತ್ತಿ ಮಾತಾಡುವಾಗ ಅತ್ತಿ ಮಾರಿ ನೋಡಬೇಕು. ನಮ್ಮ ಓಣ್ಯಾಗ ಮೊದಲು ಕಾನ್ವೆಂಟ್ ಮೆಟ್ಟಿಲು ಹತ್ತಿದಾಕಿ ನಾನು. ನಾ ನೋಡಿಕೊಳ್ಳೋ ಹಾಸ್ಟೆಲ್ ಹುಡುಗ್ಯಾರೆಲ್ಲ ನನ್ನ ಕಣ್ಣಿಗೆ ಹೆದರ್ತಾರ. ಮನಿ ಸೊಸಿಗೆ ಮಾತ್ರ ಬಿಂಕ.

ಏಳು, ಹಸಿರು ಸೀರಿ ಉಟ್ಕೊ. ಬಸುರಿಗೆ ಗುಟ್ಟಾಗಿ ಮಾಡೋ ಕಳ್ಳ ಕುಬುಸ ಅಂತ ಹೆಸರಷ್ಟ, ಓಣಿ ಹೆಂಗಸರೆಲ್ಲ ಬರ್ತಾರ. ಮಾನ್ವಿ ಬಸ್ಸು ಬಂದಿರಬೇಕು. ನಿಮ್ಮವ್ವ ಯಮನಮ್ಮ ಬುತ್ತಿ ಬುಟ್ಟಿ ತಗೊಂಡು ಟಾಂಗಾದಾಗ ಬರ್ತಿರ್ತಾಳ.

ಮೂರು ತಿಂಗಳ ಬಸಿರು, ನೀರು ಕುಡಿದರೂ ಕಾರಿಕೊಳ್ತಿದ್ದಿ. ಈಗ ನಿಂತದೋ ಇಲ್ಲೋ? ಡಾಕ್ಟರ್ ಕೊಟ್ಟ ವಾಂತಿ ಗುಳಿಗಿ ಸೆರಗಿನ್ಯಾಗ ಕಟ್ಟಿಟ್ಟಿದ್ದಿ. ಕೂಸಿಗೆ ಆಗಂಗಿಲ್ಲ ಅಂತ ಅವ್ವ ಹೇಳ್ಯಾಳ ಅಂದಿ. ನಿಮ್ಮವ್ವ ಎಲ್ಲಿ ಓದ್ಯಾಳವ್ವ ಡಾಕ್ಟರಿಕಿ?

ಯಾಕ ನಗ್ತಿ? ಬಾಯಿ ಒಂದು ಕಡಿ ಎಳದು... ಅಣಕಿಸ್ತೀಯೇನು ನನ್ನ? ಕುತ್ತಿಗಿ ಈ ಕಡಿ ತಿರುಗಿಸು. ತಿರುಗಿಸು ಅಂದೆ. ತಡಿ, ನಾನೇ...

ತಿರುಗವಲ್ದು. ಕಟ್ಟಿಗಿ ಆಗಿಬಿಟ್ಟದ.

ಕಚ್ಚಿದ ಹಲ್ಲು ಬಿಡವ್ವ. ಕಣ್ಣು ಕೆಳಗ ತಾ. ಡಾಕ್ಟರ್ ಹೇಳಿದ್ದರು: ಟೀಚರಮ್ಮ, ಈ ಗುಳಿಗಿ ಹೆಚ್ಚಾದರ ಕುತ್ತಿಗಿ ತಿರುಚ್ತದ, ಕಣ್ಣು ಮ್ಯಾಲ ನೆಡ್ತಾವ, ತಡ ಮಾಡದ ಕರಕೊಂಡು ಬರ್ರಿ. ಎಷ್ಟು ಕೊಟ್ಟೀರಿ ಅಂತ ತಿಳಿದರ ಸೂಜಿ ಹಾಕಿ ಬಿಡಿಸ್ತೀನಿ... ಆದರ ಹೆಚ್ಚು ಎಲ್ಲಿ ಆಗ್ಯದ? ನಿನಗ ಹೊತ್ತಿಗೆ ಒಂದ ಅರದು ಹಾಕೀನಿ. ಹಾಸ್ಟೆಲ್‌ನ್ಯಾಗ ಮೊಂಡ ಹುಡುಗ್ಯಾರಿಗೆ ಹಂಗ ಕೊಡ್ತೀವಿ, ಮಜ್ಜಿಗ್ಯಾಗ...

ಮುಷ್ಟಿಯಾಗ ಏನದ? ಬಿಡು.

ಗುಳಿಗಿ ಪಟ್ಟಿ. ನಿನ್ನದ. ಖಾಲಿ ಅದ.

ನುಂಗಿದಿ? ನಾ ಬೈದ ಮ್ಯಾಲ ನೀನೂ ನುಂಗಾಕತ್ತಿದ್ದಿ? ನನಗ ಒಂದು ಮಾತು ಹೇಳಬಾರದಿತ್ತೇನು... ಯಾಕ ಹೇಳ್ತಿ. ನಾ ಎಲ್ಲಿ ಕೇಳಿದೆ. ಅಂಗಡಿಯಿಂದ ಬ್ಯಾರೆ ಪಟ್ಟಿ ತಂದು ಅರದೆ.

ಟಾಂಗಾ ಬಂತು. ನಿಮ್ಮವ್ವ.

ಗಾಳಿ ಹಿಡಿದದ ಅಂದರ ನಂಬಿಬಿಡ್ತಾಳ. ನಿನ್ನನ್ನ ಮಂತ್ರ ಹಾಕಿಸಾಕ ಎತ್ತಿಕೊಂಡು ಹೋಗ್ತಾಳ. ಮಜ್ಜಿಗಿ ಲೋಟ ತೊಳದಿಟ್ಟರ ಮುಗೀತು. ನೀ ಹೇಳಾಕ ಬಾಯಿ ತೆರೆಯವಲ್ದು...

ಅಳಬ್ಯಾಡ. ಕಣ್ಣು ಹಂಗ ನೆಟ್ಟಿದ್ದರೂ ನೀರು ಹರೀತಾವಲ್ಲ. ಅಳಬ್ಯಾಡವ್ವ. ಲೋಟ ತೊಳಿಯಂಗಿಲ್ಲ. ಡಾಕ್ಟರಿಗೆ ಎರಡೂ ಪಟ್ಟಿ ತೋರಿಸ್ತೀನಿ.

ಯಮನಮ್ಮ, ಟಾಂಗಾ ಕಳಿಸಬ್ಯಾಡ್ರಿ. ಬುಟ್ಟಿ ಅಲ್ಲೇ ಇಡ್ರಿ, ಒಳಗ ಬರ್ರಿ. ನಿಮ್ಮ ಮಗಳಿಗೆ ಗಾಳಿ ಹಿಡಿದಿಲ್ಲ.