ಎರ್ರಮ್ಮನ ಹೆಸರಿನವಳು

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಗುಮಾಸ್ತ ತಿರುಮಲರಾಯರ ಪಕ್ಕದಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು. ಕಿರಿಯವಳು ಎರ್ರಮ್ಮ, ಇನ್ನೊಬ್ಬಳು ಅವಳ ಅಕ್ಕ ಎಂಬುದು ಮಾತಿನಲ್ಲೇ ತಿಳಿಯಿತು.

“ಯಾವಾಕಿನೋ ರಿಜಿಸ್ಟ್ರಾರ್ ಮುಂದ ನಿಂತು, ನಾನ ಎರ್ರಮ್ಮ ಅಂತ ಹೆಬ್ಬೆಟ್ಟು ಒತ್ತಿ ನನ್ನ ಹೊಲ ಮಾರಿಬಿಟ್ಟಾಳಕ್ಕ.”

“ಅಪ್ಪನ ಹೆಸ್ರು, ಹೊಲದ ಗುರುತು ಅಕಿಗೆ ಯಾರು ಹೇಳಿದ್ರು?”

“ನಾನ ಹೇಳೀನಿ. ಬಳಿ ಮಾರಾಕ ಬಂದಿದ್ಲು. ಕೈ ಹಿಡ್ಕೊಂಡು ಭಾಳ ಪ್ರೀತಿಲೆ ಕೇಳಿದ್ಲು.”

“ಅಯ್ಯ ಹುಚ್ಚಿ! ಈಗ ಹೊಲ?”

“ಉಳೀತು. ಊರ ಗೌಡ್ರು ಬಂದು, ಎರ್ರಮ್ಮ ಅಂದ್ರ ಈಕಿನ ಅಂದ್ರು. ರಿಜಿಸ್ಟ್ರಾರ್ ಸಾಹೇಬ್ರು ನನ್ನ ಹೆಬ್ಬೆಟ್ಟೂ ಒತ್ತಿಸಿ ನೋಡಿದ್ರು. ಎರಡೂ ಬ್ಯಾರೆ ಬ್ಯಾರೆ.”

“ಅಕಿ ಸಿಕ್ಕಳೇನು?”

“ಇಲ್ಲ. ಈಗ ಯಾವ ಊರಾಗ ಯಾರ ಹೆಸ್ರು ಇಟ್ಕೊಂಡಾಳೋ.”

ಬಸ್ಸು ಬಂದು ನಿಂತಿತು. ರಾಯರಿಗೆ ತಡೆಯಲಾಗಲಿಲ್ಲ.

“ಯಾವ ಊರವ್ವ ನಿಮ್ದು? ಯಾರ ಪೈಕಿ?”

ಎರ್ರಮ್ಮ ಗಂಟನ್ನು ಎದೆಗವಚಿಕೊಂಡಳು.

“ಮೊದ್ಲು ನೀವ್ಯಾರು ಹೇಳ್ರಿ.”

ಹೆಸರು ಹೇಳಲು ಬಾಯಿ ತೆರೆದ ರಾಯರು ಯಾಕೋ ಅಳುಕಿದರು. ಅಷ್ಟರಲ್ಲಿ ಅಕ್ಕತಂಗಿಯರು ಬಸ್ಸು ಹತ್ತಿ, ಹೆಂಗಸರ ಸಾಲಿನಲ್ಲಿ ಕುಳಿತು ಅವರಿಗೆ ಬೆನ್ನು ತಿರುಗಿಸಿದ್ದರು.